ಡೇಟಾ ರಿಕವರಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ

ಕೆಲಸದ ನಡುವೆ ನಿಂತುಹೋದ ಕಂಪ್ಯೂಟರಿನ ದೋಷ ಹುಡುಕುವುದು ಒಂದು ಕೆಲಸ. ಕೆಡುತ್ತಿರುವ ಹಾರ್ಡ್ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯುವುದು ಇನ್ನೊಂದು. ಮೊದಲನೆಯದರ ಗುರಿ ಯಂತ್ರವನ್ನು ಮತ್ತೆ ಚಾಲೂ ಮಾಡುವುದು. ಎರಡನೆಯದರಲ್ಲಿ ಯಂತ್ರ ಹೋದರೂ ಚಿಂತೆಯಿಲ್ಲ, ಒಳಗಿರುವುದು ಉಳಿಯಬೇಕು. ತಾಲ್ಲೂಕು ಊರುಗಳಲ್ಲಿ ಇವೆರಡೂ ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಮೇಲೆ, ಬಹಳ ಸಲ ಒಬ್ಬನೇ ಹುಡುಗನ ಕೈಯಲ್ಲಿ ನಡೆಯುತ್ತವೆ. ಹಾಗಾಗಿ ಒಂದರ ಅವಸರ ಇನ್ನೊಂದನ್ನು ನುಂಗುತ್ತದೆ. ‘ಫಾರ್ಮ್ಯಾಟ್ ಹೊಡೀರಿ, ಚಾಲೂ ಆಗ್ತದ’ ಎಂಬ ಮಾತು ಯಂತ್ರದ ಮಟ್ಟಿಗೆ ಸರಿ. ಆದರೆ ಈ ಸೀಮೆಯಲ್ಲಾಗಲಿ ಬೇರೆಡೆಯಾಗಲಿ ಅನೇಕರ ಡೇಟಾ ಕೈಬಿಟ್ಟು ಹೋಗುವುದು ಡಿಸ್ಕ್ ಕೆಟ್ಟ ಗಳಿಗೆಯಲ್ಲಲ್ಲ. ಅದಾದ ಮೇಲಿನ ಒಂದೆರಡು ದಿನಗಳ ಪ್ರಯತ್ನಗಳಲ್ಲಿ.

ಸೀಮೆ ಮತ್ತು ಅದರ ಕಡತಗಳು

ಕಲಬುರಗಿ ಜಿಲ್ಲೆಯ ಈ ಭಾಗದ ಬದುಕು ನಿಂತಿರುವುದು ಬಹುಪಾಲು ಸುಣ್ಣಕಲ್ಲಿನ ಮೇಲೆ. ಶಹಾಬಾದಿನ ಫರ್ಸಿ ಕಲ್ಲು ಎಷ್ಟೋ ಊರುಗಳ ಮನೆಯ ನೆಲವಾಗಿದೆ. ವಾಡಿಯಲ್ಲಿ 1968ರಿಂದ ಎಸಿಸಿ ಸಿಮೆಂಟ್ ಕಾರ್ಖಾನೆ ಇದೆ. ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ ಬೆಳೆದವು. ಚಿಂಚೋಳಿಯ ಕಡೆ ಗುಡ್ಡ, ಕಾಡು ಹೆಚ್ಚು. ಅಲ್ಲಿ ವನ್ಯಧಾಮವೂ ಇದೆ. ಉಳಿದಂತೆ ತೊಗರಿಯ ಹೊಲಗಳು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ಈ ಬದುಕಿನ ಲೆಕ್ಕವೆಲ್ಲ ಇಂದು ಹಾರ್ಡ್ ಡಿಸ್ಕುಗಳಲ್ಲಿದೆ. ಅಡತಿ ಅಂಗಡಿಯ ಮತ್ತು ದಾಲ್ ಮಿಲ್ಲಿನ ಟ್ಯಾಲಿ ಖಾತೆ, ಫರ್ಸಿ ಪಾಲಿಶ್ ಘಟಕದ ಬಿಲ್ಲುಗಳು, ಸ್ಟುಡಿಯೊದವರು ತೆಗೆದ ಲಗ್ನದ ವಿಡಿಯೊ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗಳು, ಶಾಲೆಗಳ ದಾಖಲಾತಿ ಪಟ್ಟಿ. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಪಹಣಿಯ ವಿಷಯದಲ್ಲಿ ಈ ಭಯ ಬೇಕಿಲ್ಲ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಪ್ರಿಂಟ್ ತೆಗೆದುಕೊಡುವ ಸೆಂಟರಿನ ಕಂಪ್ಯೂಟರ್ ಸುಟ್ಟುಹೋದರೂ ರೈತನ ಪಹಣಿ ಸರ್ಕಾರದ ಸರ್ವರಿನಲ್ಲಿ ಇದ್ದೇ ಇರುತ್ತದೆ. ಅದೇ ರೈತನ ಮಗಳ ಲಗ್ನದ ವಿಡಿಯೊಗೆ ಅಂಥ ಆಸರೆಯಿಲ್ಲ. ವ್ಯಾಪಾರಿಗಂತೂ ಇದು ಕಾನೂನಿನ ಪ್ರಶ್ನೆಯೂ ಹೌದು: ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು.

ಬಿಸಿಲು, ಪುಡಿ, ಕರೆಂಟು

ಇಲ್ಲಿ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಮಾಡಿನ ಅಂಗಡಿಯಲ್ಲಿ, ಗೋಡೆಗೆ ಒತ್ತಿ ಇಟ್ಟ ಸಿಪಿಯು ಪೆಟ್ಟಿಗೆಯೊಳಗೆ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿರಬಹುದು. ಸಾಮಾನ್ಯ ಹಾರ್ಡ್ ಡಿಸ್ಕಿನ ಕೆಲಸದ ಮಿತಿ 60 ಡಿಗ್ರಿ. ಕಲ್ಲಿನ ಪುಡಿಯೂ ಸಿಮೆಂಟಿನ ಪುಡಿಯೂ ಡಿಸ್ಕಿನ ಒಳಗೆ ಹೋಗುವುದಿಲ್ಲ. ಡಿಸ್ಕಿನ ಉಸಿರುಗಂಡಿಗೆ ಸೋಸುಕವಿದೆ. ಪುಡಿ ಕೂರುವುದು ಎಸ್‌ಎಂಪಿಎಸ್‌ನ ಫ್ಯಾನಿನ ಮೇಲೆ, ಪ್ರೊಸೆಸರಿನ ಹೀಟ್‌ಸಿಂಕಿನ ಸಂದುಗಳಲ್ಲಿ. ಬೇಸಿಗೆಯಲ್ಲಿ ಊದಿದರೆ ಹಾರುವ ಸಿಮೆಂಟಿನ ಪುಡಿ, ಮಳೆಗಾಲದ ತೇವ ತಾಗಿದ ಮೇಲೆ ಫ್ಯಾನಿನ ರೆಕ್ಕೆಗೆ ಗಟ್ಟಿಯಾಗಿ ಹಿಡಿಯುತ್ತದೆ. ಆಗ ಬ್ರಶ್ಶಿಗೂ ಬ್ಲೋವರಿಗೂ ಜಗ್ಗುವುದಿಲ್ಲ, ಫ್ಯಾನನ್ನೇ ಬದಲಿಸಬೇಕು. ಮಧ್ಯಾಹ್ನ ಮಾತ್ರ ತಾನಾಗಿ ರೀಸ್ಟಾರ್ಟ್ ಆಗುವ, ಮುಂಜಾನೆ ಚೆನ್ನಾಗಿ ಓಡುವ ಕಂಪ್ಯೂಟರನ್ನು ಕಂಡರೆ ವಿಂಡೋಸ್ ಮೇಲೆ ಅನುಮಾನ ಪಡುವ ಮುಂಚೆ ಪೆಟ್ಟಿಗೆಯ ಬದಿಯ ತಗಡು ತೆಗೆದು ನೋಡಬೇಕು.

ಕರೆಂಟಿನ ಕಥೆ ಇದಕ್ಕಿಂತ ದೊಡ್ಡದು. ಸಣ್ಣ ಯುಪಿಎಸ್‌ಗಳಲ್ಲಿರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ. ಈ ಬಿಸಿಲಿಗೆ ಅದು ಬೇಗ ಸೊರಗುತ್ತದೆ. ದೀಪ ಹಸಿರಾಗಿಯೇ ಇರುತ್ತದೆ. ಕರೆಂಟ್ ಹೋದ ಕ್ಷಣ ಕಂಪ್ಯೂಟರೂ ಹೋಗುತ್ತದೆ. ಟ್ಯಾಲಿಯಲ್ಲಿ ವೋಚರ್ ಬರೆಯುತ್ತಿರುವಾಗ ಹಾಗಾದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಇನ್ನು ಅರ್ಥಿಂಗ್. ಶಹಾಬಾದ, ವಾಡಿಯ ಕಲ್ಲುನೆಲದಲ್ಲಿ ಒಳ್ಳೆಯ ಅರ್ಥ್ ಸಿಗುವುದು ಕಷ್ಟ, ಬಂಡೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರೆಭೂಮಿಯಲ್ಲಿ ಮಳೆಗಾಲ ಚೆನ್ನಾಗಿ ಕೆಲಸ ಮಾಡುವ ಅರ್ಥ್ ಗುಂಡಿ ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಟ್ಟ ಕೂಡಲೇ ಸಂಪರ್ಕ ಕಳೆದುಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಮೊದಲು ಆ ಗುಂಡಿಗೆ ಇದ್ದಲು, ಉಪ್ಪು, ನೀರು ಬೇಕು. ಆಮೇಲೆ ಹೊಸ ಮದರ್‌ಬೋರ್ಡ್. ಗುಡುಗಿನ ಮಳೆಯ ದಿನಗಳಲ್ಲಿ ಕರೆಂಟಿನ ಪ್ಲಗ್ಗಿನ ಜೊತೆ ಬ್ರಾಡ್‌ಬ್ಯಾಂಡ್ ತಂತಿಯನ್ನೂ ಕಿತ್ತಿಡಬೇಕು. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಒಳಗೆ ಬರುತ್ತದೆ.

ನೀಲಿ ಪರದೆಯನ್ನು ಓದುವುದು

ವಿಂಡೋಸ್ ಇನ್ನು ಮುಂದೆ ಹೋದರೆ ಕಡತಗಳು ಕೆಡುತ್ತವೆ ಎಂದು ಕಂಡಾಗ ತಾನೇ ನಿಂತು ಪರದೆಯ ಮೇಲೆ ಒಂದು ಹೆಸರು ಬರೆಯುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದೇ ಪತ್ತೆಯ ಮೊದಲ ಹೆಜ್ಜೆ. ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಎಂದರೆ ಡಿಸ್ಕಿನಿಂದ ಓದಬೇಕಾದದ್ದು ಓದಲಾಗಲಿಲ್ಲ ಎಂದರ್ಥ. ಡಿಸ್ಕ್ ಅಥವಾ ಅದರ ಕೇಬಲ್ ಮೇಲೆ ಮೊದಲ ಅನುಮಾನ. ‘ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್’, ‘ಅನ್‌ಮೌಂಟಬಲ್ ಬೂಟ್ ವಾಲ್ಯೂಮ್’ ಎಂಬವೂ ಡಿಸ್ಕಿನತ್ತಲೇ ಬೆರಳು ತೋರಿಸುತ್ತವೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬಂದರೆ ಡಿಸ್ಕ್ ಚೆನ್ನಾಗಿದ್ದೂ ಬಯಾಸ್‌ನ ಸಾಟಾ ಸೆಟ್ಟಿಂಗ್ ಬದಲಾಗಿರಬಹುದು. ಬಯಾಸ್ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ ಹೀಗಾಗುತ್ತದೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಬಂದರೆ ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿ ನೋಡುವುದು ಎಲ್ಲ ಅಂಗಡಿಗಳಿಗೂ ಗೊತ್ತಿರುವ ಮದ್ದು, ಎಷ್ಟೋ ಸಲ ಅದೇ ಸಾಕಾಗುತ್ತದೆ. ಸಾಕಾಗದಿದ್ದರೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಬೇಕು.

ಪರದೆ ಮಾಯವಾಗಿ ಕಂಪ್ಯೂಟರ್ ಮತ್ತೆ ಚಾಲೂ ಆಗಿದ್ದರೆ ಈವೆಂಟ್ ವ್ಯೂವರ್ ತೆರೆಯಬೇಕು. 41ನೇ ನಂಬರಿನ ಸೂಚನೆ ಕರೆಂಟ್ ಹಠಾತ್ತನೆ ಹೋದದ್ದನ್ನೋ ಯಂತ್ರ ಹಾಗೇ ಬಂದ್ ಆದದ್ದನ್ನೋ ಹೇಳುತ್ತದೆ. ಡಿಸ್ಕಿನ ಹೆಸರಿನಲ್ಲಿ 7, ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಕಂಡರೆ ಮಾತ್ರ ಅಲ್ಲಿಗೇ ಕೈ ನಿಲ್ಲಿಸಬೇಕು. 7 ಎಂದರೆ ಓದಲಾಗದ ಬ್ಲಾಕ್ ಸಿಕ್ಕಿದೆ. ಇನ್ನು ಮುಂದಿನದು ರಿಪೇರಿಯ ಮಾತಲ್ಲ.

ಎಲ್ಲ ನೀಲಿ ಪರದೆಗೂ ಯಂತ್ರವೇ ಹೊಣೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಟ್ಟಿಗೇ ನೀಲಿಯಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅಂದು ಸೇಫ್ ಮೋಡಿನಲ್ಲಿ ಒಳಹೊಕ್ಕು ಒಂದು ಕಡತ ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡುವ ಅಗತ್ಯವಿರಲಿಲ್ಲ.

ಡಿಸ್ಕ್ ಕೆಡುವ ಬಗೆ

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿವೆ. ಓದುವ ತಲೆ ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರಕ್ಕೆ 24 ಇಂಚಿನ ಐವತ್ತು ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ 1 ಟಿಬಿ ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರುಗಳೇ 195 ಕೋಟಿಗೂ ಹೆಚ್ಚು. ಅವುಗಳಲ್ಲಿ ಕೆಲವು ಕೆಡುವುದು ಸಹಜ; ಡಿಸ್ಕ್ ತಾನೇ ಅವನ್ನು ಬದಿಗಿಟ್ಟು ಮೀಸಲು ಸೆಕ್ಟರುಗಳನ್ನು ಬಳಸುತ್ತದೆ, ಅದರ ಲೆಕ್ಕವನ್ನೂ ಇಡುತ್ತದೆ. ಆ ಲೆಕ್ಕಪುಸ್ತಕದ ಹೆಸರು ಸ್ಮಾರ್ಟ್. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ನೋಡಬೇಕಾದ ಸಾಲುಗಳು ಕೆಲವೇ: 5ನೆಯದು ಈಗಾಗಲೇ ಬದಲಿಸಿದ ಸೆಕ್ಟರುಗಳು, 197 ಅನುಮಾನದಲ್ಲಿರುವವು, 198 ಓದಲಾಗದವು. 199 ಒಂದೇ ಏರುತ್ತಿದ್ದರೆ ಡಿಸ್ಕ್ ಬಹುಶಃ ಗಟ್ಟಿಯಿದೆ, ಸಾಟಾ ಕೇಬಲ್ ಕೆಟ್ಟಿದೆ. ಕೇಬಲ್ ಬದಲಿಸಿದರೆ ಮುಗಿಯಿತು.

ಗೂಗಲ್ ಸಂಸ್ಥೆಯ ಮೂವರು ತಜ್ಞರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಸ್ವಯಂ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಜನ ಮರೆಯುತ್ತಾರೆ: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಸ್ಮಾರ್ಟಿನ ಮುಖ್ಯ ನಾಲ್ಕು ಸೂಚನೆಗಳಲ್ಲಿ ಯಾವುದನ್ನೂ ತೋರಿಸದೆ ಕೆಟ್ಟವು. ಕೆಂಪು ಬಣ್ಣ ಕಂಡರೆ ನಂಬಬೇಕು. ನೀಲಿಯಲ್ಲಿ ‘ಗುಡ್’ ಎಂದು ಬಂದದ್ದನ್ನು ಪೂರ್ತಿ ನಂಬಬಾರದು.

ಕಿವಿಯೂ ಒಂದು ಉಪಕರಣ. ಲಯಬದ್ಧವಾಗಿ ಟಕ್ ಟಕ್ ಎನ್ನುವ ಡಿಸ್ಕಿನ ತಲೆ ತನ್ನ ಜಾಗ ಹುಡುಕಲಾರದೆ ಹಿಂದಕ್ಕೂ ಮುಂದಕ್ಕೂ ಬಡಿಯುತ್ತಿದೆ. ಮೆಲ್ಲಗೆ ಗುಂಯ್ ಎಂದು ನಿಲ್ಲುವ ಡಿಸ್ಕಿನಲ್ಲಿ ತಲೆ ತಟ್ಟೆಗೆ ಅಂಟಿಕೊಂಡಿದೆ, ಇಲ್ಲವೇ ಮೋಟಾರು ಬಿಗಿದಿದೆ. ಸದ್ದೇ ಇಲ್ಲದಿದ್ದರೆ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಕಡೆ ನೋಡಬೇಕು. ಮೊದಲ ಎರಡರಲ್ಲಿ ಇನ್ನೊಮ್ಮೆ ಆನ್ ಮಾಡಿ ನೋಡೋಣ ಎನ್ನುವ ಪ್ರತಿ ಸಲವೂ ತಟ್ಟೆಯ ಕಾಂತಪದರ ಕೆರೆದುಹೋಗುವ ಅಪಾಯವಿದೆ. ಕೆರೆದದ್ದನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು.

ಮೊದಲು ನಕಲು

ಡಿಸ್ಕ್ ಇನ್ನೂ ತಿರುಗುತ್ತಿದೆ, ಕಂಪ್ಯೂಟರಿಗೆ ಕಾಣುತ್ತಿದೆ, ಆದರೆ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದೆ. ಅಂಗಡಿಗೆ ಬರುವ ಪ್ರಕರಣಗಳಲ್ಲಿ ಉಳಿಸಬಹುದಾದವು ಹೆಚ್ಚಾಗಿ ಇವೇ, ಹಾಳಾಗುವುದೂ ಹೆಚ್ಚಾಗಿ ಇವೇ. ಇಂಥ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಬಾರದು. ಅದರ ಉದ್ದೇಶ ಕಡತವ್ಯವಸ್ಥೆಯನ್ನು ಸುಸಂಗತ ಮಾಡುವುದು, ಕಡತಗಳನ್ನು ಉಳಿಸುವುದಲ್ಲ. ಓದಲಾಗದ ನಮೂದುಗಳನ್ನು ಅದು ಕತ್ತರಿಸಿ, ತುಂಡುಗಳಿಗೆ ನಂಬರು ಕೊಟ್ಟು ಬೇರೆ ಫೋಲ್ಡರಿಗೆ ಎಸೆಯುತ್ತದೆ. ವಿಂಡೋಸಿನಲ್ಲಿ ಕಾಪಿ-ಪೇಸ್ಟ್ ಮಾಡುವುದೂ ಒಳ್ಳೆಯದಲ್ಲ. ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅದು ಅಲ್ಲೇ ಮತ್ತೆ ಮತ್ತೆ ತಡಕುತ್ತದೆ, ಸುಸ್ತಾದ ತಲೆಗೆ ಇನ್ನಷ್ಟು ಕೆಲಸ ಕೊಡುತ್ತದೆ.

ಸರಿಯಾದ ದಾರಿ ಇಡೀ ಡಿಸ್ಕಿನ ಸೆಕ್ಟರ್-ಸೆಕ್ಟರ್ ನಕಲು. ಆಂಟೋನಿಯೊ ಡಯಾಜ್ ಡಯಾಜ್ ಬರೆದ ಜಿಎನ್‌ಯು ಡಿಡಿರೆಸ್ಕ್ಯೂ ಉಚಿತ ತಂತ್ರಾಂಶ. ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ ಅದನ್ನು ಹಾಕಿಕೊಳ್ಳಬಹುದು. ಕೆಟ್ಟ ಡಿಸ್ಕಿನ ಜೊತೆ ಅದಕ್ಕಿಂತ ದೊಡ್ಡದಾದ ಒಳ್ಳೆಯ ಡಿಸ್ಕೊಂದನ್ನು ಜೋಡಿಸಬೇಕು. ಎರಡೂ ನೇರವಾಗಿ ಸಾಟಾ ಕೇಬಲಿನಲ್ಲಿದ್ದರೆ ಉತ್ತಮ. ಮೊದಲ ಸುತ್ತಿನಲ್ಲಿ ಡಿಡಿರೆಸ್ಕ್ಯೂ ಸಲೀಸಾಗಿ ಓದುವ ಭಾಗಗಳನ್ನಷ್ಟೇ ಬಾಚಿಕೊಳ್ಳುತ್ತದೆ, ತೊಡಕು ಕಂಡಲ್ಲಿ ನೆಗೆದು ಮುಂದೆ ಹೋಗುತ್ತದೆ. ಯಾವುದು ಬಂತು, ಯಾವುದು ಬಾಕಿ ಎಂಬುದನ್ನು ಒಂದು ನಕಾಶೆ ಕಡತದಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಆ ನಕಾಶೆ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯಬಹುದು. ಲೋಡ್‌ಶೆಡ್ಡಿಂಗ್ ಇರುವ ಊರಿಗೆ ಇದು ಸಣ್ಣ ಸಂಗತಿಯಲ್ಲ. ಎರಡನೆಯ ಸುತ್ತಿನಲ್ಲಿ ತೊಡಕಿನ ಜಾಗಗಳಿಗೆ ಮರಳಿ ಸಣ್ಣ ಸಣ್ಣ ತುಂಡಾಗಿ ಓದುತ್ತದೆ. ಬೇಕಿದ್ದರೆ ಹಿಂದಿನಿಂದ ಮುಂದಕ್ಕೂ ಓದಿಸಬಹುದು. ಆರೋಗ್ಯವಂತ 1 ಟಿಬಿ ಡಿಸ್ಕಿಗೆ ಇದು ಸುಮಾರು ಮೂರು ಗಂಟೆಯ ಕೆಲಸ. ಕೆಟ್ಟದಕ್ಕೆ ದಿನಗಳೇ ಬೇಕಾಗಬಹುದು. ಆ ದಿನಗಳಲ್ಲಿ ಡಿಸ್ಕಿನ ಮೇಲೆ ಸಣ್ಣ ಫ್ಯಾನ್ ತಿರುಗುತ್ತಿರಲಿ, ಕಂಪ್ಯೂಟರ್ ಗಟ್ಟಿ ಬ್ಯಾಟರಿಯ ಇನ್ವರ್ಟರಿನ ಮೇಲಿರಲಿ. ನಕಲು ಮುಗಿದ ಮೇಲೆ ಮೂಲ ಡಿಸ್ಕನ್ನು ಕಿತ್ತು ಪಕ್ಕಕ್ಕಿಡಬೇಕು. ಮುಂದಿನ ಎಲ್ಲ ಪ್ರಯೋಗ ನಕಲಿನ ಮೇಲೆ.

ಫ್ರಿಜ್ಜಿನಲ್ಲಿಟ್ಟರೆ ಡಿಸ್ಕ್ ಸರಿಯಾಗುತ್ತದೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ತಣ್ಣಗಿನ ಡಿಸ್ಕನ್ನು ಇಲ್ಲಿನ ಬಿಸಿಗಾಳಿಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ. ಮಾಡಬಾರದು.

ಅಳಿಸಿದ್ದು, ಫಾರ್ಮ್ಯಾಟ್ ಆದದ್ದು

ವಿಂಡೋಸಿನ ಕಡತವ್ಯವಸ್ಥೆ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಕಡತಕ್ಕೂ ಎಂಎಫ್‌ಟಿ ಎಂಬ ಯಾದಿಯಲ್ಲಿ 1,024 ಬೈಟಿನ ಒಂದು ನಮೂದು ಇರುತ್ತದೆ: ಹೆಸರು, ತಾರೀಖು, ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ವಿಳಾಸ. ಕಡತ ಅಳಿಸಿದರೆ ಆ ನಮೂದಿಗೆ ‘ಖಾಲಿ’ ಎಂಬ ಗುರುತು ಬೀಳುತ್ತದೆ. ಒಳಗಿನದು ಇದ್ದಲ್ಲೇ ಇರುತ್ತದೆ, ಬೇರೇನಾದರೂ ಅದರ ಮೇಲೆ ಬರೆಯುವವರೆಗೆ. ಕ್ವಿಕ್ ಫಾರ್ಮ್ಯಾಟ್ ಆದರೂ ಹಳೆಯದರಲ್ಲಿ ಬಹಳಷ್ಟು ಉಳಿದಿರುತ್ತದೆ. ಅದೇ ಡಿಸ್ಕಿಗೆ ವಿಂಡೋಸ್ ತುಂಬಿದರೆ ಹತ್ತಿಪ್ಪತ್ತು ಜಿಬಿಯಷ್ಟು ಜಾಗದ ಮೇಲೆ ಹೊಸದು ಕೂರುತ್ತದೆ.

ಮೇಲೆ ಬರೆದದ್ದರ ಗತಿ ಏನೆಂಬುದಕ್ಕೆ ಚಿತ್ತಾಪುರ ತಾಲ್ಲೂಕಿನಲ್ಲೇ ಒಂದು ಸಾಕ್ಷಿಯಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಡು ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಮೂರ್ತಿ ಕೂರಿಸಲು ಯಾವುದೋ ಕಾಲದಲ್ಲಿ ಚಪ್ಪಡಿಯ ನಡುವೆ ಚೌಕವಾಗಿ ಕೊರೆದಿದ್ದರು. ಸುತ್ತಲಿನ ಸಾಲುಗಳನ್ನು ಪಂಡಿತರು ಓದಿದರು. ಕೊರೆದ ಜಾಗದ ಅಕ್ಷರಗಳು ಆ ಕಲ್ಲಿನಲ್ಲಿ ಇಲ್ಲ. ಡಿಸ್ಕಿನಲ್ಲೂ ಅಷ್ಟೇ: ಮುಚ್ಚಿಹೋದದ್ದು ಸಿಗುತ್ತದೆ, ಕೊರೆದದ್ದು ಸಿಗುವುದಿಲ್ಲ.

ಯಾದಿ ಉಳಿದಿದ್ದರೆ ಟೆಸ್ಟ್‌ಡಿಸ್ಕ್ ಕಡತಗಳನ್ನು ಹೆಸರಿನ ಸಮೇತ ತರುತ್ತದೆ. ಯಾದಿಯೇ ಹೋಗಿದ್ದರೆ ಅದರ ಜೊತೆಗಾರ ಫೋಟೊರೆಕ್ ಡಿಸ್ಕಿನ ಉದ್ದಕ್ಕೂ ಕಡತಗಳ ಆರಂಭದ ಗುರುತು ಹುಡುಕಿ ಎತ್ತುತ್ತದೆ. ಎರಡನ್ನೂ ಬರೆದವರು ಕ್ರಿಸ್ಟೋಫ್ ಗ್ರೆನಿಯೆ, ಎರಡೂ ಉಚಿತ. ಫೋಟೊಗಳು ಹೀಗೆ ಚೆನ್ನಾಗಿ ಬರುತ್ತವೆ. ಲಗ್ನದ ವಿಡಿಯೊ ಬರುವುದು ಕಷ್ಟ: ದೊಡ್ಡ ಕಡತ ಡಿಸ್ಕಿನಲ್ಲಿ ತುಂಡುತುಂಡಾಗಿ ಹರಡಿರುತ್ತದೆ, ಎಂಪಿ4 ಕಡತದ ಸೂಚಿ ಬಹಳ ಸಲ ಕೊನೆಯಲ್ಲಿರುತ್ತದೆ; ಅದು ಸಿಗದಿದ್ದರೆ ಉಳಿದದ್ದು ಆಡುವುದಿಲ್ಲ. ಆದ್ದರಿಂದ ಸ್ಟುಡಿಯೊದವರು ಆಲ್ಬಮ್ ಕೊಟ್ಟು ಮುಗಿಯುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸದಿರುವುದು ಯಾವ ರಿಕವರಿ ತಂತ್ರಾಂಶಕ್ಕಿಂತಲೂ ಮೇಲು.

ಎಸ್‌ಎಸ್‌ಡಿಗೆ ಈ ಮಾತುಗಳು ನಡೆಯುವುದಿಲ್ಲ. ಅಲ್ಲಿ ಕಡತ ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಆಜ್ಞೆ ಕಳಿಸುತ್ತದೆ, ಡ್ರೈವ್ ಆ ಜಾಗವನ್ನು ನಿಜವಾಗಿಯೇ ಖಾಲಿ ಮಾಡುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗವೂ ತಾನಾಗಿ ಬಿದ್ದಿರಬಹುದು. 48 ಅಂಕಿಯ ಕೀಲಿ ಮಾಲೀಕನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ಅಂಗಡಿಯವನು ತನ್ನ ಇಮೇಲಿನಲ್ಲಿ ತೆರೆದುಕೊಟ್ಟಿದ್ದರೆ ಕೀಲಿಗಾಗಿ ಅವನನ್ನೇ ಹುಡುಕಬೇಕು.

ಕನ್ನಡದ ಕಡತ, ಟ್ಯಾಲಿಯ ಕಡತ

ಫೋಟೊರೆಕ್ ತಂದ ಕಡತಗಳಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಸಾವಿರಾರು ದಾಖಲೆಗಳಲ್ಲಿ ಬೇಕಾದದ್ದನ್ನು ಒಳಗಿನ ಪದದಿಂದಲೇ ಹುಡುಕಬೇಕು. ಕನ್ನಡಿಗರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಡಿಟಿಪಿಯವರ ಶ್ರೀಲಿಪಿ ಇವುಗಳ ಹಳೆಯ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳಲ್ಲಿ ಕೂತಿವೆ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡಬಾರದು. ಹಳೆಯ ನುಡಿ ಫಾಂಟ್ ಹಾಕಿದ ಕೂಡಲೇ ಇಡೀ ಅರ್ಜಿ, ಇಡೀ ಲಗ್ನಪತ್ರಿಕೆ ಎದ್ದು ನಿಲ್ಲುತ್ತದೆ. ಹುಡುಕುವಾಗಲೂ ಯುನಿಕೋಡಿನಲ್ಲಿ ‘ಚಿತ್ತಾಪುರ’ ಎಂದು ಬರೆದರೆ ಒಂದೂ ಸಿಗದು. ನುಡಿಯನ್ನು ಆಸ್ಕಿ ರೂಪಕ್ಕೆ ತಿರುಗಿಸಿ ಅದೇ ಪದವನ್ನು ಕೀಲಿಸಿ ಹುಡುಕಬೇಕು. ಹೊರಗಿನ ಊರಿನ ಪ್ರಯೋಗಾಲಯಕ್ಕೆ ಡಿಸ್ಕ್ ಕಳಿಸುವವರು ಈ ವಿಷಯವನ್ನು ಬರೆದು ತಿಳಿಸುವುದು ಅಗತ್ಯ, ಅಲ್ಲಿಯ ತಂತ್ರಜ್ಞರಿಗೆ ಇದು ಗೊತ್ತಿರುವುದು ಅಪರೂಪ.

ಟ್ಯಾಲಿ ಬೆಂಗಳೂರಿನ ಕಂಪನಿಯ ತಂತ್ರಾಂಶ, 1986ರಲ್ಲಿ ಗೋಯೆಂಕಾ ತಂದೆ-ಮಗ ಆರಂಭಿಸಿದ ಸಂಸ್ಥೆ. ಅದರಲ್ಲಿ ಒಂದು ಅಂಗಡಿಯ ಲೆಕ್ಕವೆಂದರೆ 10000 ಎಂಬಂಥ ನಂಬರಿನ ಹೆಸರಿನ ಇಡೀ ಫೋಲ್ಡರು. ಟ್ಯಾಲಿಯ ಇಆರ್‌ಪಿ 9 ಆವೃತ್ತಿಯಲ್ಲಿ ಆ ಫೋಲ್ಡರಿನೊಳಗಿನ ಕಡತಗಳ ಬಾಲದಲ್ಲಿ 900 ಎಂದಿರುತ್ತದೆ. ಒಂದೆರಡು ಕಡತ ಸಿಕ್ಕರೆ ಪ್ರಯೋಜನವಿಲ್ಲ, ಹೆಸರಿನ ಸಮೇತ ಪೂರ್ತಿ ಫೋಲ್ಡರ್ ಬರಬೇಕು. ಡಿಸ್ಕಿನ ನಕಲಿನಿಂದ ಅದನ್ನು ತೆಗೆದ ಮೇಲೆ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯ ಮೇಲಷ್ಟೇ ಕಂಟ್ರೋಲ್-ಆಲ್ಟ್-ಆರ್ ಒತ್ತಿ ರೀರೈಟ್ ಮಾಡಬೇಕು. ರೀರೈಟ್ ಅರ್ಧಕ್ಕೆ ಕೆಟ್ಟರೆ ಇದ್ದದ್ದೂ ಹೋಗುತ್ತದೆ.

ಹೊರಗೆ ಕಳಿಸುವಾಗ

ತಲೆ ಬದಲಿಸುವುದು, ಅಂಟಿದ ತಲೆ ಬಿಡಿಸುವುದು ತಾಲ್ಲೂಕಿನ ಅಂಗಡಿಯ ಕೆಲಸವಲ್ಲ; ಪುಡಿಯಿಲ್ಲದ ಗಾಳಿಯ ಕೋಣೆ, ಅದೇ ಮಾದರಿಯ ದಾನಿ ಡಿಸ್ಕ್, ರಷ್ಯಾ ಮೂಲದ ಪಿಸಿ-3000ದಂಥ ಉಪಕರಣ ಬೇಕು. ಬೋರ್ಡ್ ಸುಟ್ಟಿದ್ದರೆ ಅದೇ ನಂಬರಿನ ಬೋರ್ಡ್ ತಂದು ಹಾಕಿದರೆ ಸಾಲದು. ಪ್ರತಿ ಡಿಸ್ಕಿನ ಸ್ವಂತ ಅಳತೆಗಳು ಅದರ ರೋಮ್ ಚಿಪ್ಪಿನಲ್ಲಿರುತ್ತವೆ, ಚಿಪ್ಪನ್ನು ಹಳೆಯದರಿಂದ ಹೊಸದಕ್ಕೆ ಕೂರಿಸಬೇಕು. ಹೈವೋಲ್ಟೇಜಿನಿಂದ ಕೆಟ್ಟ ಬೋರ್ಡಿನಲ್ಲಿ ಎಷ್ಟೋ ಸಲ ಸತ್ತಿರುವುದು ಕಾವಲಿಗಿಟ್ಟ ಟಿವಿಎಸ್ ಡಯೋಡ್ ಒಂದೇ. ಮೊಬೈಲ್ ರಿಪೇರಿಯ ಒಳ್ಳೆಯ ಕೈ ಅದನ್ನು ಬಿಡಿಸಬಲ್ಲದು. ಆದರೆ ಡಯೋಡ್ ತೆಗೆದ ಮೇಲೆ ಕಾವಲಿಲ್ಲ, ಒಮ್ಮೆ ಮಾತ್ರ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಚ್ಚಿ ನಕಲು ತೆಗೆಯಬೇಕು. ಕೆಲವು ಪೋರ್ಟಬಲ್ ಡ್ರೈವುಗಳಲ್ಲಿ ಯುಎಸ್‌ಬಿ ಬೋರ್ಡೇ ಡೇಟಾವನ್ನು ಗೂಢಲಿಪಿಗೆ ತಿರುಗಿಸುತ್ತದೆ; ಕವಚದಿಂದ ಡಿಸ್ಕ್ ಕಿತ್ತು ಬೋರ್ಡ್ ಬಿಸಾಡಿದರೆ ಓದಲು ದಾರಿಯಿಲ್ಲ.

ಸೇಡಂ, ಚಿತ್ತಾಪುರ, ವಾಡಿಯವರಿಗೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಸಿಕಂದರಾಬಾದಿನ ಕಂಪ್ಯೂಟರ್ ಬಜಾರು ಬಹಳ ಹತ್ತಿರ. 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುಹಾದಿ ಈ ಊರುಗಳ ಮೂಲಕವೇ ಹೋಗುತ್ತದೆ. ಕೊರಿಯರಿಗೆ ಹಾಕುವುದಕ್ಕಿಂತ ಕೈಯಲ್ಲಿ ಒಯ್ಯುವುದು ಲೇಸು: ಸ್ಥಿರವಿದ್ಯುತ್ ತಡೆಯುವ ಚೀಲ, ಸುತ್ತ ಎರಡಿಂಚು ಫೋಮ್.

ನೀರಿನಲ್ಲಿ ಮುಳುಗಿದ ಡಿಸ್ಕಿಗೆ ನಿಯಮ ಬೇರೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಹೊಳೆ ಉಕ್ಕಿ ಮಳಖೇಡದ ಕಡೆ ನೀರು ನುಗ್ಗಿದಂಥ ಸಂದರ್ಭದಲ್ಲಿ ಜನ ಡಿಸ್ಕನ್ನು ಬಿಸಿಲಿಗಿಟ್ಟು ಒಣಗಿಸಲು ಹೋಗುತ್ತಾರೆ. ಹೊಳೆಯ ನೀರಿನ ರಾಡಿ ತಟ್ಟೆಯ ಮೇಲೆ ಒಣಗಿದರೆ ತೊಳೆಯುವುದು ದುಸ್ತರ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕರೆಂಟ್ ತಾಗಿಸದೆ ಹಾಗೆಯೇ ಒಯ್ಯಬೇಕು. ಎಲ್ಲ ಡಿಸ್ಕುಗಳ ಜೊತೆಗೂ ಒಂದು ಚೀಟಿ ಇರಲಿ: ಏನಾಯಿತು, ಆಮೇಲೆ ಯಾರು ಏನೇನು ಮಾಡಿ ನೋಡಿದರು, ಯಾವ ಫೋಲ್ಡರ್ ಎಲ್ಲಕ್ಕಿಂತ ಮೊದಲು ಬೇಕು, ಕನ್ನಡ ಯಾವ ಫಾಂಟಿನಲ್ಲಿದೆ. ಫಾರ್ಮ್ಯಾಟ್ ಹೊಡೆದಿದ್ದರೆ ಅದನ್ನೂ ಬಚ್ಚಿಡದೆ ಬರೆಯಬೇಕು. ತಂತ್ರಜ್ಞ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.